ಸವೆದ ಪ್ಲೇಟಿನ ಚರಿತ್ರೆ

ಹೋದ ಬೇಸಿಗೆಯಲ್ಲಿ ನಾನು ಒಂದು ಹಾಡನ್ನು ಅಳಿಸಿಬಿಟ್ಟೆ.

ಸುರಪುರದ ರಂಗಂಪೇಟೆಯಲ್ಲಿರುವ ನಮ್ಮ ಆಯಿಯ, ಅಂದರೆ ಅವ್ವನ ಅವ್ವನ, ತವರುಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸುವವರಿದ್ದರು. ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನಲ್ಲಿ ಹಳೆಯ ಧೋತರಗಳ ನಡುವೆ ಒಂಬತ್ತು ಗ್ರಾಮಫೋನ್ ಪ್ಲೇಟುಗಳು ಸಿಕ್ಕವು. ಎರಡು ಒಡೆದಿದ್ದವು. ಉಳಿದವುಗಳ ಮೇಲೆ ಎಪ್ಪತ್ತು ವರ್ಷದ ಧೂಳು ಜಿಡ್ಡುಗಟ್ಟಿತ್ತು. ಯಾದಗಿರಿಗೆ ತಂದು, ಮೊದಲು ಕೈಗೆ ಬಂದ ಪ್ಲೇಟನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಅರಿವೆಯಿಂದ ಒರೆಸಿದೆ. ಅರಿವೆ ಕಪ್ಪಾಯಿತು. ಕೊಳೆ ಹೋಗುತ್ತಿದೆ ಎಂದುಕೊಂಡು ಇನ್ನಷ್ಟು ತಿಕ್ಕಿದೆ. ಹೋಗುತ್ತಿದ್ದದ್ದು ಕೊಳೆಯಲ್ಲ, ಪ್ಲೇಟೇ ಕರಗುತ್ತಿತ್ತು.

ಕಾರಣ ಹೇಳಿದವರು ಪಕ್ಕದ ಓಣಿಯ ಬಡಗಿ. ಮರಕ್ಕೆ ಪಾಲಿಶ್ ಹಚ್ಚಲು ಅವರು ಅರಗನ್ನು ಕರಗಿಸುವುದು ಸ್ಪಿರಿಟ್ಟಿನಲ್ಲೇ. ಗ್ರಾಮಫೋನ್ ಪ್ಲೇಟಿನ ಜೀವವೂ ಅರಗೇ. ಮುತ್ತುಗ, ಬೋರೆಯಂಥ ಮರಗಳ ಮೇಲೆ ಕೂರುವ ಸಣ್ಣ ಕೀಟದ ಅಂಟು ಅದು. ಅದಕ್ಕೆ ಕಲ್ಲಿನ ಪುಡಿ, ಕಾಡಿಗೆ ಬೆರೆಸಿ, ಬಿಸಿಯಲ್ಲಿ ಒತ್ತಿ ಪ್ಲೇಟು ಮಾಡುತ್ತಿದ್ದರು. ಪಾಂಡವರ ಅರಗಿನ ಮನೆಯ ಕತೆ ಕೇಳಿ ಬೆಳೆದ ನನಗೆ, ಕೈಯಲ್ಲಿದ್ದದ್ದು ಅರಗಿನ ಹಾಡು ಎಂಬುದು ಗೊತ್ತಿರಲಿಲ್ಲ. ಲೇಬಲ್ಲು ಮಾತ್ರ ಉಳಿದಿತ್ತು: 1943ರ ‘ಕಿಸ್ಮತ್’ ಚಿತ್ರದ ಹಾಡು, ಹಾಡಿದವರು ಅಮೀರಬಾಯಿ ಕರ್ನಾಟಕಿ.

ನನ್ನ ಸಂಶೋಧನೆಯ ವಿಷಯ ಈ ಸೀಮೆಯ ಚರಿತ್ರೆಯೇ. ಸುರಪುರದ ಚರಿತ್ರೆ ಎಂದರೆ ನಮಗೆ ನಾಯಕರ ಅರಮನೆ, ಮೆಡೋಸ್ ಟೇಲರ್, 1857–58ರ ದಂಗೆ, ಆಮೇಲೆ ಸಂಸ್ಥಾನ ನಿಜಾಮನ ಪಾಲಾದದ್ದು. ಇವಕ್ಕೆಲ್ಲ ಕಾಗದಪತ್ರಗಳಿವೆ. ಆದರೆ ಹಗಲೆಲ್ಲ ದುಡಿದ ಮಂದಿ ರಾತ್ರಿ ಏನು ಕೇಳಿದರು, ಯಾರ ದನಿಗೆ ತಲೆದೂಗಿದರು? ಇದಕ್ಕೆ ಯಾವ ದಫ್ತರೂ ಇಲ್ಲ. ಪ್ಲೇಟುಗಳೇ ದಫ್ತರು ಎಂದು ಆ ದಿನ ನನಗೆ ಹೊಳೆಯಿತು, ಒಂದನ್ನು ಅಳಿಸಿದ ಮೇಲೆ.

ಭಾರತದಲ್ಲಿ ಪ್ಲೇಟಿನ ಕತೆ ಶುರುವಾಗುವುದು 1902ರ ನವೆಂಬರಿನಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಹಾಡುಗಳನ್ನು ಮುದ್ರಿಸಿಕೊಂಡ. ಪ್ಲೇಟು ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡು ಎಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲೆಂದು ಗೌಹರ್ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. 1908ರಲ್ಲಿ ಕಲಕತ್ತೆಯಲ್ಲಿಯೇ ಕಾರ್ಖಾನೆ ಶುರುವಾದ ಮೇಲೆ ಪ್ಲೇಟು ಸಣ್ಣ ಪೇಟೆಗಳಿಗೂ ಬರತೊಡಗಿತು.

ಹತ್ತು ಇಂಚಿನ ಪ್ಲೇಟು, ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ರಾತ್ರಿಯಿಡೀ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಕುಗ್ಗಿಸುವ ವಿದ್ಯೆಯನ್ನು ಗಾಯಕರು ಕಲಿತರು. ಲೇಬಲ್ಲಿನ ಮೇಲಿನ ಹೆಸರುಗಳೂ ಸಮಾಜದ ಮಾತನ್ನೇ ಆಡುತ್ತವೆ. ಕೆಲವರ ಹೆಸರಿನ ಮುಂದೆ ‘ಅಮೆಚೂರ್’ ಎಂದು ಅಚ್ಚಾಗಿರುತ್ತದೆ. ಹಾಡುವುದು ಇವರ ಕಸುಬಲ್ಲ, ಇವರು ‘ಮನೆತನಸ್ಥರು’ ಎಂದು ಕೊಳ್ಳುವವರಿಗೆ ಕೊಟ್ಟ ಭರವಸೆ ಅದು. ಗಂಗೂಬಾಯಿ ಹಾನಗಲ್ಲರ ಆರಂಭದ ಪ್ಲೇಟುಗಳು 1930ರ ದಶಕದಲ್ಲಿ ಬಂದದ್ದು ಹುಬ್ಬಳ್ಳಿಯ ‘ಗಾಂಧಾರಿ’ ಎಂಬ ಹೆಸರಿನಲ್ಲಿ. ಬೀಳಗಿಯ ಅಮೀರಬಾಯಿ ಮುಂಬಯಿಗೆ ಹೋಗಿ ‘ಕರ್ನಾಟಕಿ’ ಆದರು. ಹಿಂದಿ ಹಾಡಿನ ಮೇಲೆ ಆ ಒಂದು ಪದ ಇದ್ದುದಕ್ಕೇ ಸುರಪುರದ ಮನೆಯಲ್ಲಿ ಅವರು ‘ನಮ್ಮ ಕಡೀ ಹೆಣ್ಮಗಳು’.

ಈ ಪ್ಲೇಟುಗಳು ನಮ್ಮಲ್ಲಿಗೆ ಬಂದ ದಾರಿ ರೈಲಿನದು. 1871ರಲ್ಲಿ ಮುಂಬಯಿಯ ಮತ್ತು ಮದ್ರಾಸಿನ ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. ಯಾದಗಿರಿ ಅದೇ ಹಾದಿಯ ಮೇಲಿನ ಸ್ಟೇಷನ್ನು. ಶಹಾಪುರ, ಸುರಪುರಗಳಿಗೆ ರೈಲಿರಲಿಲ್ಲ. ಅಲ್ಲಿಂದ ಮುಂದೆ ಬಂಡಿ, ಆಮೇಲೆ ಮೋಟಾರು. ಆಯಿಯ ಅಪ್ಪ ಅರಳೆ ವ್ಯಾಪಾರಕ್ಕೆ ಓಡಾಡುತ್ತಿದ್ದವರು, ಒಂದು ಸಲ ಚಾವಿ ಕೊಡುವ ಪೆಟ್ಟಿಗೆಯನ್ನೂ ಹೊತ್ತು ತಂದರಂತೆ. ಆಗ ಇದು ಹೈದರಾಬಾದ್ ಸಂಸ್ಥಾನ. ಕಚೇರಿಯ ಭಾಷೆ ಉರ್ದು, ಮನೆಯದು ಕನ್ನಡ, ಪೇಟೆಯಲ್ಲಿ ತೆಲುಗೂ ಮರಾಠಿಯೂ ಓಡುತ್ತಿದ್ದವು. ಟ್ರಂಕಿನ ಒಂಬತ್ತು ಪ್ಲೇಟುಗಳೂ ಹಾಗೆಯೇ: ಮೂರು ಹಿಂದಿ, ಎರಡು ಉರ್ದು ಖವ್ವಾಲಿ, ಎರಡು ಮರಾಠಿ ನಾಟಕದ ಪದ, ಎರಡೇ ಎರಡು ಕನ್ನಡ. ಆ ಕಾಲದ ಭಾಷಾ ಪರಿಸ್ಥಿತಿಯ ಬಗ್ಗೆ ನಾನು ಬರೆದಿದ್ದ ಒಂದು ಅಧ್ಯಾಯ ಅಲ್ಲಿ ಟ್ರಂಕಿನಲ್ಲಿ ಕೂತಿತ್ತು.

ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಅಂತರ್ಜಾಲದಲ್ಲಿ ಹುಡುಕಿದೆ. ಅದೇ ಹಾಡು ನಿಚ್ಚಳವಾಗಿ ಸಿಕ್ಕಿತು. ಆಯಿಯ ಕಿವಿಯ ಹತ್ತಿರ ಮೊಬೈಲ್ ಹಿಡಿದೆ. ಪೂರ್ತಿ ಕೇಳಿ ತಲೆ ಅಲ್ಲಾಡಿಸಿದಳು.

“ಇದು ನಮ್ಮ ಪ್ಲೇಟ ಅಲ್ಲೊ ತಮ್ಮಾ. ನಮ್ಮ ಅಮೀರಬಾಯಿ ಹಿಂಗ ಓಡಿ ಹೋಗ್ತಿದ್ದಿಲ್ಲ. ನಡುವ ನಿಂದರ್ತಿದ್ಳು.”

ಆಮೇಲೆ ತಾನೇ ಹಾಡಿ ತೋರಿಸಿದಳು. ಎರಡನೆಯ ಸಾಲಿನ ನಡುವೆ ಒಂದು ಪದಕ್ಕೆ ಬಂದು ನಿಂತಳು. ಅದನ್ನೇ ಮೂರು ಸಲ ಅಂದಳು. ಗಾಳಿಯಲ್ಲಿ ಬೆರಳಿನಿಂದ ಮೆಲ್ಲಗೆ ತಟ್ಟಿ ಮುಂದಕ್ಕೆ ಹೋದಳು. ಪ್ಲೇಟಿನ ಮೇಲೆ ಅಲ್ಲಿ ಒಂದು ಗೀರು ಇತ್ತಂತೆ. ಸೂಜಿ ಅಲ್ಲಿಗೆ ಬಂದರೆ ಅದೇ ಗೆರೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಯಾರಾದರೂ ಎದ್ದು ತಟ್ಟಬೇಕಿತ್ತು. ಎಪ್ಪತ್ತು ವರ್ಷಗಳಿಂದ ಆಯಿ ಹಾಡನ್ನು ಗೀರು ಸಮೇತ ಕಂಠಪಾಠ ಮಾಡಿಟ್ಟುಕೊಂಡಿದ್ದಳು.

ಗೀರು ಬಿದ್ದದ್ದು ಹೇಗೆ? ರಜಾಕಾರರ ಕಾಲದಲ್ಲಿ ಮನೆಮಂದಿ ಬಿಜಾಪುರದ ಕಡೆ ಹೋಗುವಾಗ ಪ್ಲೇಟುಗಳನ್ನು ಹಗೇವಿನಲ್ಲಿ ಜೋಳದ ನಡುವೆ ಹೂತಿಟ್ಟರು, ಆಗ ಬಿತ್ತು ಎನ್ನುತ್ತಾಳೆ ಆಯಿ. ಅವಳ ತಮ್ಮ, ನಮ್ಮ ಸಣ್ಣ ಮುತ್ಯಾ, ನಕ್ಕುಬಿಟ್ಟರು: “ಎಲ್ಲೀ ರಜಾಕಾರ? ನಾನೇ ಮೊಳಿ ತಗೊಂಡು ಗೀಚಿದ್ದೆ. ಅಪ್ಪನ ಕೈಲಿ ಹೊಡತಾ ತಿಂದೀನಿ.” ಯಾವುದು ನಿಜ ಎಂದು ತೀರ್ಮಾನಿಸಲು ಈಗ ಪ್ಲೇಟೇ ಇಲ್ಲ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಎರಡನ್ನೂ ಬರೆದಿಟ್ಟಿದ್ದೇನೆ. ಒಂದು ಮನೆ ತನ್ನ ಭಯವನ್ನು ಎಲ್ಲಿ ಇಟ್ಟುಕೊಂಡಿತ್ತು ಎಂಬುದಕ್ಕೆ ಆಯಿಯ ಮಾತು ಸಾಕ್ಷಿ, ಮುತ್ಯಾನದು ಆ ಮನೆಯ ಮಕ್ಕಳಿಗೆ.

ಸಂಗ್ರಾಹಕರ ಲೋಕದಲ್ಲಿ ಗೀರಿಗೆ ಬೆಲೆಯಿಲ್ಲ, ಬೆಲೆ ಕಡಿತ ಉಂಟು. ಯಾರೂ ಮುಟ್ಟದ, ಹೊಳೆಯುವ ಪ್ಲೇಟಿಗೇ ಹೆಚ್ಚು ಕಾಸು. ಹಾಡು ಬೇಕಾದವರಿಗೆ ಅದು ಸರಿ. ಆದರೆ ಕೇಳಿದವರು ಬೇಕಾದವರಿಗೆ? ಉಕ್ಕಿನ ಸೂಜಿಯನ್ನು ಒಂದು ಮಗ್ಗುಲು ಮುಗಿದ ಕೂಡಲೇ ಬದಲಿಸಬೇಕೆಂಬುದು ಕಂಪನಿಯ ನಿಯಮ. ಅರಗಿನಲ್ಲಿರುವ ಕಲ್ಲಿನ ಪುಡಿ ಸೂಜಿಯನ್ನು ಸವೆಸುತ್ತದೆ. ಸವೆದ ಸೂಜಿ ಪ್ಲೇಟನ್ನು ಸವೆಸುತ್ತದೆ. ಸೂಜಿಗೂ ದುಡ್ಡು ಬೇಕಿದ್ದ ಮನೆಗಳಲ್ಲಿ ಒಂದೇ ಸೂಜಿ ವಾರಗಟ್ಟಲೆ ದುಡಿಯುತ್ತಿತ್ತು. ದನಿ ಏರುವ ಕಡೆ ಗೆರೆಗಳು ಮೊದಲು ಬೂದುಬಣ್ಣಕ್ಕೆ ತಿರುಗುತ್ತವೆ. ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಯಾವ ಮಗ್ಗುಲು ಹೆಚ್ಚು ತಿರುಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ನಮ್ಮ ಟ್ರಂಕಿನ ಮರಾಠಿ ಪ್ಲೇಟುಗಳು ಹೊಸದರಂತಿದ್ದವು. ಖವ್ವಾಲಿಗಳು ಬೂದಿಯಂತಾಗಿದ್ದವು. ಲಿಂಗಾಯತರ ಆ ಮನೆಯಲ್ಲಿ ಸಂಜೆ ಯಾರು ಕೂಡುತ್ತಿದ್ದರು ಎಂದು ಕೇಳಿದೆ. “ಓಣಿ ಮಂದೆಲ್ಲ ಬರ್ತಿದ್ರು. ಖಾಜಾಸಾಬ ಬಂದ್ರ ಅಪ್ಪ ಅವಕ್ಕೇ ಚಾವಿ ಕೊಡ್ತಿದ್ದ” ಎಂದಳು ಆಯಿ. ಕಟ್ಟೆಯವರೆಗೆ ಬಂದು ನಿಂತೇ ಕೇಳಿ ಹೋಗುತ್ತಿದ್ದವರೂ ಇದ್ದರು. ಒಳಗೆ ಅವರನ್ನು ಕರೆಯುತ್ತಿರಲಿಲ್ಲ. ಅದನ್ನು ಹೇಳುವಾಗ ಅವಳ ದನಿ ಸಣ್ಣದಾಯಿತು.

ಈ ಕಟ್ಟೆಯನ್ನು ದಾಟಿದ್ದು ಮುಂದಿನ ತಲೆಮಾರಿನ ಪ್ಲೇಟು. ಏಳು ಇಂಚಿನ, ನಿಮಿಷಕ್ಕೆ 45 ಸುತ್ತಿನ, ಬೀಳಿಸಿದರೂ ಒಡೆಯದ ವಿನೈಲ್ ತಟ್ಟೆ. ನಮ್ಮಲ್ಲಿ ಇದನ್ನು ಹೆಚ್ಚು ಕೊಂಡವರು ಮನೆಯವರಲ್ಲ, ಮೈಕ್ ಸೆಟ್ಟಿನವರು. ಶಹಾಪುರದಲ್ಲಿ ಅಂಥ ಹಿರಿಯರೊಬ್ಬರನ್ನು ಕಂಡೆ. ಅವರ ಬಳಿ ಇನ್ನೂರರ ಹತ್ತಿರ ತಟ್ಟೆಗಳಿವೆ. ಬೇರೆಯವರ ಪ್ಲೇಟಿನ ಜೊತೆ ಬೆರೆಯದಿರಲೆಂದು ಲೇಬಲ್ಲಿನ ಮೇಲೆ ಕೆಂಪು ಪೇಂಟಿನಲ್ಲಿ ಒಂದು ಚುಕ್ಕೆ. ಕವರಿನ ಹಿಂದೆ ಊರುಗಳ ಹೆಸರು: ಸಗರ, ದೋರನಹಳ್ಳಿ, ಗೋಗಿ ಉರುಸು, ಮೈಲಾಪುರ ಜಾತ್ರೆ. ಯಾವ ಊರಿನವರು ಯಾವ ಹಾಡು ಮತ್ತೆ ಮತ್ತೆ ಕೇಳುತ್ತಾರೆ ಎಂಬ ಲೆಕ್ಕ ಅದು. ‘ಬಂಗಾರದ ಮನುಷ್ಯ’ದ ಕವರಿನ ಹಿಂದೆ ಜಾಗವೇ ಉಳಿದಿರಲಿಲ್ಲ.

ನಾನು ಸವೆಯದ ಕೆಲವನ್ನು ಎತ್ತಿ ಮೆಚ್ಚಿದಾಗ ಅವರು ಹೇಳಿದರು: “ಅವು ಚೊಲೊ ಅದಾವ ಅಂದ್ರ ಅವನ್ನ ಯಾರೂ ಕೇಳಿಲ್ಲ ಅಂತ ಅರ್ಥರೀ ಸರ. ಇವು ನೋಡ್ರಿ, ಇವು ದುಡದಾವ.”

ಬೇವಿನ ಮರಕ್ಕೆ ಕಟ್ಟಿದ ಹಾರ್ನಿಗೆ ಹೊಸ್ತಿಲು ಇರಲಿಲ್ಲ. ಗೌಡರ ಮನೆಯ ಮದುವೆಯ ಹಾಡು ಕೇರಿಗೂ ಅದೇ ಹೊತ್ತಿಗೆ ಕೇಳುತ್ತಿತ್ತು. ಊಟದ ಪಂಕ್ತಿ ಬೇರೆ ಇದ್ದ ಊರಿನಲ್ಲೂ ಹಾಡಿನ ಪಂಕ್ತಿ ಒಂದೇ ಆಯಿತು. ಇದರಿಂದ ಜಾತಿ ಹೋಯಿತೆಂದಲ್ಲ. ಆದರೆ ದುಡ್ಡಿದ್ದವರ ಪಡಸಾಲೆಯಲ್ಲಿದ್ದ ಒಂದು ಸುಖ ಬಯಲಿಗೆ ಬಂದದ್ದು ಸಣ್ಣ ಮಾತಲ್ಲ.

ಇದೇ 45ರ ತಟ್ಟೆ ಹುಟ್ಟಿದ ಅಮೆರಿಕದಲ್ಲಿ ಬೇಲಿ ತಟ್ಟೆಯ ಬಣ್ಣದಲ್ಲೇ ಇತ್ತು. 1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿ ಇದನ್ನು ಮಾರುಕಟ್ಟೆಗೆ ತಂದಾಗ ಶಾಸ್ತ್ರೀಯ ಸಂಗೀತಕ್ಕೆ ಕೆಂಪು, ಹಳ್ಳಿಗಾಡಿನ ಬಿಳಿಯರ ಹಾಡಿಗೆ ಹಸಿರು, ಕಪ್ಪು ಜನರ ಹಾಡಿಗೆ ಕಿತ್ತಳೆಗೆಂಪು ಎಂದು ವಿಂಗಡಿಸಿತು. ಅದೇ ವರ್ಷ ಬಿಲ್‌ಬೋರ್ಡ್ ಪತ್ರಿಕೆ ಕಪ್ಪು ಜನರ ಹಾಡುಗಳ ಪಟ್ಟಿಗಿದ್ದ ‘ರೇಸ್ ರೆಕಾರ್ಡ್ಸ್’ ಎಂಬ ಹೆಸರನ್ನು ತೆಗೆದು ‘ರಿದಮ್ ಅಂಡ್ ಬ್ಲೂಸ್’ ಎಂದು ಕರೆಯಿತು. ಆ ಕಿತ್ತಳೆಗೆಂಪಿನ ಸಾಲಿನ ಮೊದಲ ತಟ್ಟೆ ಆರ್ಥರ್ ಕ್ರಡಪ್ ಅವರದು. 1954ರಲ್ಲಿ ಅದೇ ಹಾಡನ್ನು ಹಾಡಿ ಎಲ್ವಿಸ್ ಪ್ರೀಸ್ಲಿ ಮನೆಮಾತಾಗುವ ಹಾದಿ ಹಿಡಿದ. ಕ್ರಡಪ್ ತನಗೆ ಬರಬೇಕಾದ ದುಡ್ಡಿಗಾಗಿ ಕೊನೆಯವರೆಗೂ ಹೆಣಗಿದ. ಇವತ್ತು ಆ ತಟ್ಟೆಗಳನ್ನು ಹುಡುಕಿ ಕೂಡಿಡುವವರು ಲೋಕದ ತುಂಬ ಇದ್ದಾರೆ. ಜೂಕ್‌ಬಾಕ್ಸಿನಲ್ಲಿ ತಿರುಗಿ ತಿರುಗಿ ಸವೆದ ಪ್ರತಿಗಳು ಅಲ್ಲಿಯೂ ಅಗ್ಗ. ಅಲ್ಲಿಯೂ ಅವು ದುಡಿದಂಥವೇ.

ಆದರೆ ಪ್ಲೇಟನ್ನು ಪೂರ್ತಿ ನಂಬುವಂತಿಲ್ಲ. ಮೂರು ತಾಲ್ಲೂಕುಗಳಲ್ಲಿ ನಾನು ಕಂಡ ಪ್ಲೇಟುಗಳಲ್ಲಿ ಕಡಕೋಳ ಮಡಿವಾಳಪ್ಪನ ಒಂದು ತತ್ವಪದವೂ ಸಿಗಲಿಲ್ಲ, ಮೊಹರಮ್ಮಿನ ಒಂದು ರಿವಾಯತ ಪದವೂ ಇಲ್ಲ. ಏಕತಾರಿ ಹಿಡಿದು ಬೆಳ್ಳಂಬೆಳಗು ಹಾಡುವ ನೆಲ ಇದು. ಕಂಪನಿಗಳಿಗೆ ಬೇಕಿದ್ದದ್ದು ಊರೂರಲ್ಲಿ ಮಾರಾಟವಾಗುವ ಮೂರು ನಿಮಿಷ. ಹಾಗಾಗಿ ಈ ಪ್ಲೇಟುಗಳಲ್ಲಿ ನಾವು ಕೇಳುಗರಾಗಿ ಇದ್ದೇವೆ, ಹಾಡುಗರಾಗಿ ಇಲ್ಲ. ಕೇಳುಗರ ಗುರುತು ಇರುವುದು ಸವೆತದಲ್ಲಿ, ಗೀರಿನಲ್ಲಿ, ಕೆಂಪು ಚುಕ್ಕೆಯಲ್ಲಿ. ಅವುಗಳ ಅರ್ಥ ಹೇಳಬಲ್ಲವರಿಗೆ ಈಗ ಎಂಬತ್ತರ ಆಸುಪಾಸು. ಗುಜರಿಯವರು ಕಿಲೋ ಲೆಕ್ಕದಲ್ಲಿ ಒಯ್ದ ಪ್ಲೇಟು ಮಹಾನಗರದಲ್ಲಿ ಒಳ್ಳೆಯ ಸಂಗ್ರಾಹಕನ ಕೈ ಸೇರಬಹುದು. ಹಾಡು ಬದುಕುತ್ತದೆ, ಅದು ರಂಗಂಪೇಟೆಯದು ಎಂಬುದು ಸಾಯುತ್ತದೆ.

ಓದುಗರ ಮನೆಯ ಅಟ್ಟದಲ್ಲೂ ಇಂಥದ್ದೇನಾದರೂ ಇದ್ದರೆ, ನನ್ನ ತಪ್ಪಿನಿಂದ ಕಲಿತದ್ದನ್ನು ಹೇಳುತ್ತೇನೆ. 78ರ ಪ್ಲೇಟಿಗೆ ಸ್ಪಿರಿಟ್ಟು ಸೋಕಿಸಬೇಡಿ. ತಣ್ಣೀರಿಗೆ ಒಂದೆರಡು ಹನಿ ಸೋಪು ಹಾಕಿ, ಲೇಬಲ್ಲು ನೆನೆಯದಂತೆ ಮೆತ್ತಗೆ ಒರೆಸಿ, ನೆರಳಲ್ಲಿ ಆರಿಸಿ. ಒಂದರ ಮೇಲೊಂದು ಹೇರದೆ ನೆಟ್ಟಗೆ ನಿಲ್ಲಿಸಿ. ನಮ್ಮ ಬೇಸಿಗೆಗೆ ಅವು ಹಪ್ಪಳದಂತೆ ಸೊಟ್ಟಗಾಗುತ್ತವೆ. ಇದಕ್ಕೆಲ್ಲ ಮೊದಲು, ಒರೆಸುವ ಮೊದಲೇ, ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ: ಯಾರು ತಂದರು, ಯಾರು ಚಾವಿ ಕೊಡುತ್ತಿದ್ದರು, ಯಾರು ಒಳಗಿದ್ದರು, ಯಾರು ಕಟ್ಟೆಯ ಮೇಲಿದ್ದರು.

ಆಯಿ ಹಾಡಿದ್ದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದೇನೆ. ಎರಡನೆಯ ಸಾಲಿನಲ್ಲಿ ಆ ಪದ ಮೂರು ಸಲ ಬರುತ್ತದೆ, ಆಮೇಲೆ ಅರೆಗಳಿಗೆ ಮೌನ. ಆಗ ಅವಳು ಬೆರಳಿನಿಂದ ತಟ್ಟಿದ್ದು ದನಿಯಲ್ಲಿ ಕೇಳಿಸುವುದಿಲ್ಲ. ಅದನ್ನು ಕೆಳಗೆ ಬರೆದಿಟ್ಟಿದ್ದೇನೆ.