ಹಿಂದಿನ ಸಾಲಿಗೂ ಕೇಳಿಸಿದ ಪಿಟೀಲು

ಹಂಪಿಯ ತುಂಗಭದ್ರೆಯ ದಡದಲ್ಲಿ ಪುರಂದರದಾಸರ ಆರಾಧನೆಯ ದಿನ ಗಾಯಕರ ಪಕ್ಕದಲ್ಲಿ ಪಿಟೀಲು ಇರುವುದು ನಮಗೆ ಎಷ್ಟು ಸಹಜವೆಂದರೆ, ದಾಸರ ಕಾಲದಲ್ಲೂ ಅದು ಇದ್ದಿರಬೇಕೆಂದೇ ಅನಿಸುತ್ತದೆ. ಇರಲಿಲ್ಲ. ದಾಸರು ತೀರಿಕೊಂಡದ್ದು 1564ರಲ್ಲಿ. ಇಟಲಿಯ ಕ್ರೆಮೋನಾ ಊರಿನ ಆಂಡ್ರಿಯಾ ಅಮಾಟಿ ಮಾಡಿದ ಪಿಟೀಲುಗಳ ಪೈಕಿ ಇಂದಿಗೂ ಉಳಿದಿರುವ ಕೆಲವು ಅದೇ ದಶಕದವು. ವಿಜಯನಗರದಲ್ಲಿ ಆಗ ಶಾಸ್ತ್ರಜ್ಞರು ತಲೆ ಕೆಡಿಸಿಕೊಂಡಿದ್ದು ವೀಣೆಯ ವಿಷಯದಲ್ಲಿ. 1550ರಲ್ಲಿ ರಾಮಾಮಾತ್ಯ ಬರೆದ ‘ಸ್ವರಮೇಳಕಲಾನಿಧಿ’ಯಲ್ಲಿ ಅದರ ಮೆಟ್ಟಿಲುಗಳ ಲೆಕ್ಕ ಬರುತ್ತದೆ.

ಪಿಟೀಲಿಗೆ ಮೆಟ್ಟಿಲುಗಳಿಲ್ಲ. ಬೆರಳು ತಂತಿಯ ಮೇಲೆ ಜಾರುತ್ತಲೇ ಇರಬಹುದು. ನಮ್ಮ ಗಮಕಕ್ಕೆ ಇದು ಹೇಳಿ ಮಾಡಿಸಿದಂತೆ ಹೊಂದುತ್ತದೆಂದು ಮೊದಲು ಮನಗಂಡವರಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪ್ರಮುಖರು. ಮುಂದಿನ ನೂರು ವರ್ಷಗಳಲ್ಲಿ ಪಿಟೀಲಿಲ್ಲದ ಕಛೇರಿಯೇ ಅಪರೂಪವಾಯಿತು. ಆದರೆ ಒಂದು ಕೊರತೆ ಉಳಿದೇ ಇತ್ತು. ದೊಡ್ಡ ಕಂಠದ ವಿದ್ವಾಂಸರು, ಮೃದಂಗ, ಸಾವಿರಾರು ಜನ ಸೇರುವ ಚಪ್ಪರ, ಮೈಕಿಲ್ಲ. ಇವುಗಳ ನಡುವೆ ನಾಲ್ಕು ತಂತಿಯ ವಾದ್ಯದ ದನಿ ಮೊದಲ ಕೆಲವು ಸಾಲು ದಾಟುವುದೇ ಕಷ್ಟ.

ಈ ಕೊರತೆಯನ್ನು ನೀಗಿಸಲು ಹೊರಟವರು ಮೈಸೂರು ಟಿ. ಚೌಡಯ್ಯ. ಕಾವೇರಿ ಮತ್ತು ಕಪಿಲೆ ಕೂಡುವ ತಿರುಮಕೂಡಲು ನರಸೀಪುರದಲ್ಲಿ 1895ರಲ್ಲಿ ಹುಟ್ಟಿದವರು. 1910ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಎಂಟು ವರ್ಷ ಗುರುಕುಲವಾಸ ಮಾಡಿದರು. ಕೃಷ್ಣಪ್ಪನವರು ಗಾಯಕರು, ಹೀಗಾಗಿ ಶಿಷ್ಯನ ಕಮಾನಿನಲ್ಲಿ ಹಾಡಿನ ಗತ್ತು ಕೂತದ್ದರಲ್ಲಿ ಆಶ್ಚರ್ಯವಿಲ್ಲ.

1927ರ ಹೊತ್ತಿಗೆ ಚೌಡಯ್ಯನವರು ಏಳು ತಂತಿಯ ಪಿಟೀಲನ್ನು ಕಛೇರಿಗೆ ತಂದರು. ಇದ್ದ ತಂತಿಗಳ ಮಗ್ಗುಲಿಗೆ ಇನ್ನೂ ಮೂರನ್ನು ಜೋಡಿ ಮಾಡಿದ್ದರು. ಕಮಾನು ಒಮ್ಮೆ ಎಳೆದರೆ ಒಂದೇ ಸ್ವರ ಎರಡು ತಂತಿಯಲ್ಲಿ ನುಡಿದು ನಾದ ತುಂಬಿಕೊಳ್ಳುತ್ತದೆ. ಕೇಳಲು ಸುಲಭ ಉಪಾಯವೇನೋ ಅನಿಸುತ್ತದೆ. ವಾದಕರನ್ನು ಕೇಳಿದರೆ ಕಷ್ಟ ತಿಳಿಯುತ್ತದೆ. ಒಂದೇ ಬೆರಳು ಎರಡು ತಂತಿಯನ್ನು ಸಮನಾಗಿ ಒತ್ತಬೇಕು. ಕೂದಲೆಳೆಯಷ್ಟು ಓರೆಯಾದರೂ ಜೋಡಿಯ ಒಂದು ತಂತಿ ಅಪಸ್ವರ ಹೇಳುತ್ತದೆ. ಶ್ರುತಿ ಮಾಡುವ ಕೆಲಸವೂ ಹೆಚ್ಚುತ್ತದೆ. ಮುಂದೆ ಹೆಚ್ಚಿನವರು ಈ ದಾರಿ ಹಿಡಿಯದಿರಲು ಇದೂ ಒಂದು ಕಾರಣವಿದ್ದೀತು.

ಯುರೋಪಿನಲ್ಲೂ ಸುಮಾರು ಇದೇ ಕಾಲಕ್ಕೆ ಇಂಥದೇ ಹಟ ನಡೆದಿತ್ತು. ಪಿಟೀಲಿಗಿಂತ ತುಸು ದೊಡ್ಡದಾದ, ತಗ್ಗಿನ ಶ್ರುತಿಯ ವಯೋಲಾ ಎಂಬ ವಾದ್ಯ ಅಲ್ಲಿ ಮೇಳದ ನಡುವೆ ಮರೆಯಾಗಿ ಕೂರುತ್ತಿತ್ತು. ಇಂಗ್ಲೆಂಡಿನ ಲಯೊನೆಲ್ ಟರ್ಟಿಸ್ ಅದನ್ನು ಒಂಟಿಯಾಗಿ ವೇದಿಕೆಗೆ ತಂದು, ನಾದ ಸಾಲದೆಂದು 1930ರ ದಶಕದಲ್ಲಿ ದೊಡ್ಡ ಒಡಲಿನ ವಾದ್ಯವನ್ನೇ ಮಾಡಿಸಿದರು. ಅವರು ಮರ ಹೆಚ್ಚಿಸಿದರು, ನಮ್ಮವರು ತಂತಿ ಹೆಚ್ಚಿಸಿದರು. (ಆ ವಯೋಲಾ ನಮ್ಮ ಕಛೇರಿಗೆ ಪೂರ್ತಿ ಅಪರಿಚಿತವಲ್ಲ, ಗಾಯಕ ಬಾಲಮುರಳಿಕೃಷ್ಣ ಅದನ್ನು ನುಡಿಸುತ್ತಿದ್ದರು.)

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಟರ್ಟಿಸ್ ಪಕ್ಕದ ಪೀಠ ಬಿಟ್ಟು ನಡುವಿನ ಪೀಠಕ್ಕೆ ಬರಲು ಹೋರಾಡಿದರೆ, ಚೌಡಯ್ಯನವರು ತನಿ ಕಛೇರಿ ನಡೆಸಿದರೂ ಹೆಸರು ಗಳಿಸಿದ್ದು ಬಹುಪಾಲು ಪಕ್ಕವಾದ್ಯದಲ್ಲಿಯೇ. ಚೆಂಬೈ ವೈದ್ಯನಾಥ ಭಾಗವತರ ಗಾಯನ, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಎಂದರೆ ದಕ್ಷಿಣದಾದ್ಯಂತ ಜನ ನೆರೆಯುತ್ತಿದ್ದರು. 1943ರ ಕನ್ನಡ ಚಿತ್ರ ‘ವಾಣಿ’ಯಲ್ಲಿಯೂ ಈ ಮೂವರ ಕಛೇರಿ ಇತ್ತು. ಹಾಡುವವರ ನೆರಳಿನಂತೆ ಹಿಂಬಾಲಿಸುತ್ತ, ಅದೇ ಹೊತ್ತಿಗೆ ಸಭೆಯ ಕೊನೆಯವರೆಗೂ ಕೇಳಿಸಬೇಕು. ಸ್ವಲ್ಪ ಹೆಚ್ಚಾದರೆ ಗಾಯಕರ ದನಿ ಮುಚ್ಚುತ್ತದೆ. ಏಳು ತಂತಿ ಹಿಡಿದವರಿಗೆ ಈ ಅಪಾಯ ಇನ್ನೂ ಹೆಚ್ಚು. ಅಂಥ ವಾದ್ಯವಿದ್ದೂ ದೊಡ್ಡ ಗಾಯಕರು ಅವರನ್ನೇ ಬಯಸಿ ಕರೆಯುತ್ತಿದ್ದರೆಂದರೆ ಅವರ ಹದ ಎಂಥದಿರಬೇಕು! ನಾದ ಹೆಚ್ಚಿಸಿದ್ದಕ್ಕಿಂತ ಅದನ್ನು ತಡೆದು ನುಡಿಸಿದ್ದೇ ಅವರ ದೊಡ್ಡ ವಿದ್ಯೆ ಎನ್ನಬೇಕು.

1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ‘ಸಂಗೀತ ಕಲಾನಿಧಿ’ ಬಿರುದು ನೀಡಿತು. ‘ತ್ರಿಮಕುಟ’ ಎಂಬ ಅಂಕಿತದಲ್ಲಿ ಕೃತಿಗಳನ್ನೂ ರಚಿಸಿದ್ದಾರೆ. ಅಂಕಿತದಲ್ಲಿ ಹುಟ್ಟೂರಿನ ಹೆಸರು ಅಡಗಿದೆ. ಅವರು ನಿಧನರಾದದ್ದು 1967ರ ಜನವರಿ 19ರಂದು.

ಅಷ್ಟರಲ್ಲಿ ಮೈಕು ಎಲ್ಲ ಸಭೆಗಳಿಗೂ ಬಂದಿತ್ತು. ಏಳು ತಂತಿಯ ಅಗತ್ಯವನ್ನು ಅದು ಸದ್ದಿಲ್ಲದೆ ಕಳೆಯಿತು. ಈಗ ಹೊಸಪೇಟೆಯಲ್ಲಾಗಲಿ ಮೈಸೂರಿನಲ್ಲಾಗಲಿ ಕಛೇರಿಗೆ ಹೋದರೆ ಕಾಣುವುದು ಬಹುತೇಕ ನಾಲ್ಕು ತಂತಿಯ ವಾದ್ಯವೇ. ಬೆಂಗಳೂರಿನಲ್ಲಿ 1980ರಲ್ಲಿ ಅವರ ಹೆಸರಿನಲ್ಲಿ ಸಭಾಂಗಣವೊಂದು ಎದ್ದಿತು. ಕಟ್ಟಡದ ಆಕಾರ ಪಿಟೀಲಿನದು. ಒಳಗೆ ಸಾವಿರಕ್ಕೂ ಹೆಚ್ಚು ಜನ ಕೂರಬಹುದು, ಹಿಂದಿನ ಸಾಲಿನವರಿಗೆ ಮೈಕಿನಲ್ಲಿ ಕೇಳಿಸುತ್ತದೆ.