ಸಣ್ಣ ತರಗತಿಯ ದೊಡ್ಡ ಕೆಲಸ

ವಿಶ್ವವಿದ್ಯಾನಿಲಯ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ವಿಶಾಲವಾದ ಆವರಣ, ಸಾಲುಗಟ್ಟಿದ ಸೌಧಗಳು, ಸಾವಿರಾರು ವಿದ್ಯಾರ್ಥಿಗಳು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದರ ಆಧಾರವಾಗಿದ್ದವು ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು, ಈ ಎರಡೇ. ಅದುವರೆಗೆ ಇವು ಮದರಾಸಿನ ಪರೀಕ್ಷೆಗಳಿಗೆ ಹುಡುಗರನ್ನು ಸಿದ್ಧಪಡಿಸುತ್ತಿದ್ದವು. ಇಷ್ಟು ಚಿಕ್ಕ ವಿದ್ಯಾಪೀಠದ ತರಗತಿಗಳಲ್ಲಿ ವಿದ್ಯಾರ್ಥಿಗೆ ದೊರೆತದ್ದೇನು ಎಂಬುದು ಯೋಚಿಸತಕ್ಕ ವಿಷಯ.

ಒಂದು ಉದಾಹರಣೆಯನ್ನು ನೋಡೋಣ. ಪ್ರೊಫೆಸರ್ ಎಂ. ಹಿರಿಯಣ್ಣನವರ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಯ ಇಂಗ್ಲಿಷ್ ಗ್ರಂಥ 1932ರಲ್ಲಿ ಹೊರಬಂದು ಜಗತ್ತಿನ ವಿದ್ವಾಂಸರ ಕೈಸೇರಿತು. ಅದಕ್ಕೆ ಮೂಲ, ಅವರು ಮೈಸೂರಿನಲ್ಲಿ ಅನೇಕ ವರ್ಷ ಮಾಡಿದ ಪಾಠಗಳು. ಲೋಕಕ್ಕೆ ಪುಸ್ತಕವಾಗಿ ಒದಗಿದ್ದು ಅಲ್ಲಿನ ವಿದ್ಯಾರ್ಥಿಗಳಿಗೆ ಮೊದಲು ಮಾತಾಗಿ ದೊರೆತಿತ್ತು. ಪುಸ್ತಕದಿಂದ ಪಾಠ ಹುಟ್ಟುವುದು ಎಲ್ಲೆಡೆಯ ವಾಡಿಕೆ. ಇಲ್ಲಿ ಪಾಠದಿಂದ ಪುಸ್ತಕ ಹುಟ್ಟಿತು.

1927ರಲ್ಲಿ ಆರಂಭವಾದ ಕನ್ನಡ ಎಂ.ಎ. ತರಗತಿಗಂತೂ ಇದು ಅನಿವಾರ್ಯವೇ ಆಗಿತ್ತು. ಕಿಟ್ಟೆಲ್ಲರು 1872ರಲ್ಲಿ ಶಬ್ದಮಣಿದರ್ಪಣವನ್ನೂ ರೈಸರು 1898ರಲ್ಲಿ ಪಂಪಭಾರತವನ್ನೂ ಅಚ್ಚು ಹಾಕಿಸಿದ್ದರು, ಆರ್. ನರಸಿಂಹಾಚಾರ್ಯರ ಕವಿಚರಿತೆಯ ಮೊದಲ ಸಂಪುಟ 1907ರಲ್ಲಿ ಬಂದಿತ್ತು. ಆದರೂ ಎಷ್ಟೋ ಕೃತಿಗಳು ಓಲೆಗರಿಯಲ್ಲಿಯೇ ಉಳಿದಿದ್ದವು. ವಡ್ಡಾರಾಧನೆ ಡಿ.ಎಲ್. ನರಸಿಂಹಾಚಾರ್ಯರ ಸಂಪಾದನೆಯಲ್ಲಿ ಬೆಳಕು ಕಂಡದ್ದು 1949ರಲ್ಲಿ. ಅವರೂ ಆ ವಿಭಾಗದಲ್ಲಿ ಕಲಿತು, ಅಲ್ಲಿಯೇ ಕಲಿಸಿದವರು. ಕನ್ನಡ ಬಿಟ್ಟರೆ ಉಳಿದ ಶಾಸ್ತ್ರಗಳೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಆ ಕಾಲದಲ್ಲಿ, ಕಾವ್ಯವನ್ನು ಕುರಿತು ಕನ್ನಡದಲ್ಲಿ ಗಂಭೀರವಾಗಿ ಮಾತನಾಡುವ ಪರಿಭಾಷೆಯನ್ನೂ ಗುರುಶಿಷ್ಯರು ಕೂಡಿಯೇ ಕಟ್ಟಿಕೊಳ್ಳಬೇಕಾಗಿತ್ತು.

ಆ ಎಂ.ಎ. ತರಗತಿಯ ಮೊದಲ ತಂಡದಲ್ಲಿದ್ದವರು ಕುವೆಂಪು. 1929ರಲ್ಲಿ ಪದವಿ ಪಡೆದು ಅದೇ ವರ್ಷ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾದರು. ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯವನ್ನು ಅವರು ಅರ್ಪಿಸಿದ್ದು ದೊರೆಗಲ್ಲ, ತಮಗೆ ಪಾಠ ಹೇಳಿದ ಟಿ.ಎಸ್. ವೆಂಕಣ್ಣಯ್ಯನವರಿಗೆ. ವೆಂಕಣ್ಣಯ್ಯನವರು 1939ರಲ್ಲಿಯೇ ತೀರಿಕೊಂಡಿದ್ದರು. ಪಾಠ ಮುಗಿದು ವರ್ಷಗಳು ಕಳೆದರೂ, ಗುರು ಕಣ್ಮರೆಯಾದರೂ ಮುಗಿಯದ ಆ ಸಂಬಂಧ ಹಾಜರಿ ಪುಸ್ತಕದಲ್ಲಿ ಹುಟ್ಟತಕ್ಕದ್ದಲ್ಲ.

ನಾನೂ ಕನ್ನಡ ಎಂ.ಎ. ಓದಿ, ನಿವೃತ್ತನಾಗುವವರೆಗೆ ಅದನ್ನೇ ಕಲಿಸಿದವನು. ನೂರು ಜನರ ಮುಂದೆಯೂ ನಿಂತಿದ್ದೇನೆ, ಎಂಟು ಜನರ ಎದುರಿಗೂ ಕುಳಿತಿದ್ದೇನೆ. ಒಮ್ಮೆ ಎಂಟು ಜನರ ತರಗತಿಯಲ್ಲಿ, ಹಳಗನ್ನಡದ 'ಕೂಳ್' ಎಂಬ ಮಾತಿಗೆ ಅನ್ನವೆಂದಷ್ಟೇ ಅರ್ಥ, ಇಂದಿನ ತಿರಸ್ಕಾರದ ಛಾಯೆ ಅದಕ್ಕಿಲ್ಲ ಎಂದು ವಿವರಿಸುತ್ತಿದ್ದೆ. ಹಳ್ಳಿಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು, "ನಮ್ಮ ಅಜ್ಜಿ ಈಗಲೂ ಹಾಗೇ ಅಂತಾರೆ ಸಾರ್, 'ಕೂಳು ಉಂಡೆಯಾ ಮಗ' ಅಂತ" ಎಂದಳು. ಸಾವಿರ ವರ್ಷದ ಹಿಂದಿನ ಮಾತು ಆ ಕೋಣೆಯಲ್ಲಿ ಜೀವಂತವಾಗಿ ಎದ್ದು ಕುಳಿತಿತು. ನೂರು ಜನರ ನಡುವೆ ಆ ಹುಡುಗಿ ಬಾಯಿ ತೆರೆಯುತ್ತಿದ್ದಳೆಂದು ನನಗೆ ತೋರುವುದಿಲ್ಲ.

ಹಾಗೆಂದು ಸಣ್ಣದೆಲ್ಲ ಸುಂದರವಲ್ಲ. ಒಬ್ಬ ಅಧ್ಯಾಪಕನ ರುಚಿಯೇ ಅಲ್ಲಿ ಶಾಸನವಾಗಬಹುದು. ಹಳೆಯ ತರಗತಿಗಳು ಸಣ್ಣವಾಗಿದ್ದುದಕ್ಕೆ, ಬಡವರಿಗೂ ಹೆಣ್ಣುಮಕ್ಕಳಿಗೂ ಹಿಂದುಳಿದವರಿಗೂ ಅಲ್ಲಿಗೆ ಬರುವ ಹಾದಿ ದುರ್ಗಮವಾಗಿದ್ದುದೂ ಒಂದು ಕಾರಣ. ಬಾಗಿಲು ಅಗಲವಾದದ್ದು ನ್ಯಾಯವೇ. ಅದನ್ನು ಮತ್ತೆ ಕಿರಿದುಗೊಳಿಸಬೇಕೆಂದು ಯಾರೂ ಬಯಸಬಾರದು.

ಆದರೆ ಬಾಗಿಲು ಅಗಲವಾಗಲಿ ಎಂಬುದು ಬೇರೆ, ತಲೆಯೆಣಿಕೆಯಿಂದ ತರಗತಿಯ ಬೆಲೆ ಕಟ್ಟುವುದು ಬೇರೆ. ಐದಾರು ಮಂದಿಗಾಗಿ ಒಂದು ವಿಭಾಗವೇಕೆ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆತಂಕವಾಗುತ್ತದೆ. ಹಳಗನ್ನಡವನ್ನೋ ಶಾಸನವನ್ನೋ ಓದಬಲ್ಲವರು ಯಾವ ಕಾಲದಲ್ಲಿಯೂ ಗುಂಪಾಗಿ ಬರುವುದಿಲ್ಲ. ಐವರಿಗಾಗಿ ತೆರೆದಿರುವ ಕೋಣೆಯನ್ನು ಮುಚ್ಚಿದರೆ, ಆರನೆಯವನು ಬಂದ ದಿನ ಅವನಿಗೆ ಓಲೆಗರಿಯನ್ನು ಓದಿ ಹೇಳುವವರು ಯಾರೂ ಉಳಿದಿರುವುದಿಲ್ಲ.