ಮಾದ್‌ಮ್ವಾಸೆಲ್ ಎಫ್ ಮತ್ತು ನಾನು

ಏಳನೇ ತಿಂಗಳಲ್ಲಿ ನನ್ನ ಅಂಗೈ ಬಿರಿದು ರಕ್ತ ಬರುತ್ತಿತ್ತು. ತರಕಾರಿ ಮುಟ್ಟಿದರೆ ತೊಳಿ, ಲ್ಯಾಪ್‌ಟಾಪ್ ಮುಟ್ಟಿದರೆ ತೊಳಿ. ನನ್ನಿಂದ ಹೊಟ್ಟೆಯಲ್ಲಿರೋ ಮಗುವಿಗೆ ಏನಾದರೂ ಅಂಟಿಬಿಟ್ಟರೆ? ಊರಿಂದ ಬಂದ ಅಮ್ಮ "ಅಜ್ಜಿಯ ಮಡಿ ನಿನಗೆ ಬಂದದೆ ಕಣೇ" ಅಂತ ನಕ್ಕಳು. ಆದರೆ ಅಜ್ಜಿಯ ಮಡಿ ಒಂದು ಸ್ನಾನಕ್ಕೆ ಮುಗಿಯುತ್ತಿತ್ತು. ನನ್ನದು ಬ್ರೇಕ್ ಕಂಡೀಷನ್ ಇಲ್ಲದ ಲೂಪ್. ಅದಕ್ಕಿಂತ ಕೆಟ್ಟದ್ದೆಂದರೆ, ಚಾಕು ಕಂಡಾಗೆಲ್ಲ ಅದನ್ನು ನಾನೇ ನನ್ನ ಹೊಟ್ಟೆಗೆ ಚುಚ್ಚಿಕೊಂಡಂತೆ ಕಣ್ಮುಂದೆ ಬರುತ್ತಿದ್ದ ಚಿತ್ರ. ಅದನ್ನು ಯಾರಿಗೂ ಹೇಳಲಿಲ್ಲ. ಗಂಡನಿಗೂ.

ಕೊನೆಗೆ ಡಾಕ್ಟರು ಕೈ ನೋಡಿ ವಿಚಾರಿಸಿ "ಓಸಿಡಿ" ಎಂದರು. ಡೆಸ್ಕ್ ನೀಟಾಗಿ ಇಟ್ಟುಕೊಳ್ಳುವವರೆಲ್ಲ ಆಫೀಸಲ್ಲಿ ತಮಾಷೆಗೆ ಹೇಳಿಕೊಳ್ತಾರಲ್ಲ, ಅದೇ. ಬಗ್ ಸಿಕ್ಕರೆ ಅದು ಯಾವ ವರ್ಷನ್‌ನಿಂದ ಇದೆ ಅಂತ ಹುಡುಕೋದು ನಮ್ಮ ಚಾಳಿ. ಹುಡುಕಿದೆ.

1838ರಲ್ಲಿ ಫ್ರೆಂಚ್ ವೈದ್ಯ ಎಸ್ಕಿರೋಲ್ ತನ್ನ ಪುಸ್ತಕದಲ್ಲಿ 'ಮಾದ್‌ಮ್ವಾಸೆಲ್ ಎಫ್', ಅಂದರೆ ಕುಮಾರಿ ಎಫ್, ಎಂಬ 34ರ ಹೆಣ್ಣಿನ ಕತೆ ಬರೆದಿದ್ದಾನೆ. ನಂಟರ ಮನೆಗೆ ಹೋದರೆ ಅವರ ಸಾಮಾನು ಜೇಬಿಗೆ ಬಂದುಬಿಟ್ಟಿತೇ ಎಂಬ ಭಯ. ಲೆಕ್ಕ ಬರೆದರೆ ಇನ್ನೊಬ್ಬರಿಗೆ ಮೋಸವಾಯಿತೇ ಎಂಬ ಭಯ. ಆಮೇಲೆ ಏನಾದರೂ ಅಂಟಿಕೊಂಡಿದೆಯೇನೋ ಅಂತ ಕೈ ಉಜ್ಜುವುದು, ತೊಳೆಯುವುದು. ಇದೆಲ್ಲ ಹುಚ್ಚಾಟ ಅಂತ ಅವಳಿಗೇ ಗೊತ್ತು. ತಾನೇ ನಗುತ್ತಾಳೆ. ನಿಲ್ಲಿಸಲಾರಳು.

ಅವಳು ಏನನ್ನೂ ಕದ್ದವಳಲ್ಲ. ಇದು ಹೊಳೆದಾಗ ಬಾತ್‌ರೂಮಿಗೆ ಹೋಗಿ ಅತ್ತೆ. ಆ ಸಲ ಕೈ ತೊಳೆಯೋಕೆ ಅಲ್ಲ.

ಇಪ್ಪತ್ತು ವರ್ಷ ಕಳೆದು, 1858ರಲ್ಲಿ, ಪ್ಯಾರಿಸ್‌ನಲ್ಲೇ ಲೂಯಿ ವಿಕ್ಟರ್ ಮಾರ್ಸೆ ಬಸುರಿ, ಬಾಣಂತಿ, ಹಾಲೂಡಿಸುವ ತಾಯಂದಿರ ಮನೋರೋಗಗಳ ಮೇಲೆಯೇ ಒಂದು ಇಡೀ ಗ್ರಂಥ ಬರೆದ. 'ಬಸುರೀಲಿ ಎಲ್ಲರಿಗೂ ಹೀಗೇ' ಅನ್ನುವವರಿಗೆ ಅಷ್ಟು ಹಳೆಯ ಉತ್ತರ ಅದು.

ಚಿಕಿತ್ಸೆ ಮಾತ್ರ ಬಹಳ ತಡವಾಯಿತು. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್, ತೊಳೆಯುವ ಗೀಳಿನ ರೋಗಿಗೆ ಭಯವಾಗುವುದನ್ನೇ ಮುಟ್ಟಿಸಿ, ತೊಳೆಯಲು ಬಿಡದೆ, ಜತೆಗೆ ನರ್ಸ್‌ಗಳನ್ನು ಕೂರಿಸಿದ. ಕ್ರೂರ ಅನ್ನಿಸುತ್ತೆ. ಆದರೆ ಕೆಲಸ ಮಾಡಿತು. 1978ರಲ್ಲಿ ರಾಕ್‌ಮನ್ ಮತ್ತು ಡಿ ಸಿಲ್ವ, ಕಾಯಿಲೆ ಇಲ್ಲದ ಜನರನ್ನೂ ಕೇಳಿ ನೋಡಿದರು. ಅವರಲ್ಲೂ ಬಹಳ ಮಂದಿಯ ತಲೆಗೆ ಇಂಥವೇ ಕೆಟ್ಟ ಆಲೋಚನೆ ಬರುತ್ತಿದ್ದವು. ಅವು ಅವರನ್ನು ಹಿಡಿದು ಕೂರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಆ ರಾತ್ರಿ ಗಂಡನಿಗೆ ಚಾಕುವಿನ ವಿಷಯ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುಂದಿನ ಭೇಟಿಯಲ್ಲಿ ಡಾಕ್ಟರಿಗೂ ಹೇಳಿದೆ. ಅವರು ಕೊಟ್ಟ ಹೋಮ್‌ವರ್ಕ್ ಮೇಯರ್‌ನ ಮೊಮ್ಮಗುವೇ: ದಿನಾ ತರಕಾರಿ ಹೆಚ್ಚಬೇಕು, ಹೆಚ್ಚಿದ ಮೇಲೆ ಅರ್ಧ ಗಂಟೆ ಕೈ ತೊಳೆಯೋ ಹಾಗಿಲ್ಲ.

ಮೊದಲ ದಿನ ಒಂದೇ ಒಂದು ಈರುಳ್ಳಿ. ಅವನು ತಟ್ಟೆ ಹಿಡಿದು ಪಕ್ಕದಲ್ಲೇ ಕೂತಿದ್ದ. ಗಡಿಯಾರ ಎದುರಿಗಿತ್ತು.